ತಂಗೆವ್ವನ ಗಡ್ಡಿಯ ಅಣ್ಣ

ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಒಂದು ದೃಶ್ಯವನ್ನು ನಾನು ಕಣ್ಣಾರೆ ಕಂಡೆನೋ, ಬೇರೆಯವರು ಹೇಳಿದ್ದನ್ನು ಕೇಳಿ ಕಂಡಂತೆ ಕಟ್ಟಿಕೊಂಡೆನೋ ನನಗೆ ಗೊತ್ತಿಲ್ಲ. ಹೆಣ್ಣುಮಗಳೊಬ್ಬಳು ತಂಬಿಗೆಯಲ್ಲಿ ನೀರು ಹಿಡಿದು, ಮುಖಕ್ಕೆ ಬಣ್ಣ ಬಳಿದುಕೊಂಡ ತನ್ನ ಅಣ್ಣನ ಕಡೆಗೆ ಹೊಳೆಯ ಉಸುಕಿನಲ್ಲಿ ನಡೆದು ಬರುತ್ತಾಳೆ. ಬೆಳಕು ಆಗತಾನೇ ಹರಿದಿದೆ. ಇಷ್ಟು ಸ್ಪಷ್ಟ. ಆದರೆ ಅವಳ ಸೀರೆಯ ಬಣ್ಣ ನನ್ನ ನೆನಪಿನಲ್ಲಿ ಆಗಾಗ ಬದಲಾಗುತ್ತದೆ. ಒಮ್ಮೆ ಹಸಿರು, ಒಮ್ಮೆ ಕಂದು. ಬೇರೆ ಯಾರಾದರೂ ಇಂಥ ಸಾಕ್ಷಿ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ನನ್ನದೆಂಬ ಕಾರಣಕ್ಕೆ ಒಪ್ಪುವುದು ಹೇಗೆ?

ಹಳೆಯ ಕಲ್ಲು ಓದಿ ದಾಖಲಿಸುವ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಲ್ಲಿ ಕೂತೆ ಎಂಬುದು ನಿಮಗೆ ಬೇಡ. ಕೆಲಸ ಹೇಗಿತ್ತು ಎಂಬುದಷ್ಟೇ ಬೇಕು.

ಎಪ್ಪತ್ತರ ದಶಕದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟುವ ಕೆಲಸ ನಡೆದಿತ್ತು. ಯಾವ ಊರು ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬುದೇ ಎಲ್ಲ ಕಡೆಯ ಮಾತು. ಮುಳುಗುವ ಮೊದಲು ಅಲ್ಲಿನ ಶಾಸನ, ವೀರಗಲ್ಲು, ಹಳೆಯ ಗುಡಿಗಳನ್ನು ನೋಡಿ ದಾಖಲಿಸಬೇಕಿತ್ತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಹೊರಬಿದ್ದ ನನಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕು ಕೊಟ್ಟರು. ಮುಳುಗುವ ಭಯವಿದ್ದದ್ದು ಹೊಳೆದಂಡೆಯ ಊರುಗಳಿಗೆ ಮಾತ್ರ. ಆದರೂ ಹೋದವನು ಎಲ್ಲವನ್ನೂ ನೋಡಿಕೊಂಡು ಬರಲಿ ಎಂಬುದು ಕಚೇರಿಯ ಲೆಕ್ಕ.

ಈಗ ನೀವು ಫೋನಿನಲ್ಲಿ ಫೋಟೋ ತೆಗೆದು ಅಲ್ಲೇ ಹಿಗ್ಗಿಸಿ ಓದುತ್ತೀರಿ. ಆಗ ಕಾಗದದ ಅಚ್ಚು ತೆಗೆಯಬೇಕಿತ್ತು. ಕಲ್ಲನ್ನು ನಾರಿನ ಬ್ರಷ್ಷಿನಿಂದ ತಿಕ್ಕಿ ತೊಳೆದು, ಒದ್ದೆ ಕಾಗದ ಹಚ್ಚಿ, ಅಕ್ಷರದ ಗುಂಡಿಗಳಲ್ಲಿ ಕಾಗದ ಇಳಿಯುವಂತೆ ಬಡಿದು, ಮೇಲೆ ಮಸಿಯ ಉಂಡೆ ಒತ್ತಬೇಕು. ಅಕ್ಷರ ಬಿಳಿಯಾಗಿ, ಉಳಿದದ್ದು ಕಪ್ಪಾಗಿ ಏಳುತ್ತದೆ. ಗಾಳಿ ಇರಬಾರದು. ಇಂಡಿಯ ಕಡೆ ವೈಶಾಖದಲ್ಲಿ ಗಾಳಿ ಇಲ್ಲದ ಹೊತ್ತೇ ಇಲ್ಲ. ಹೊರ್ತಿಯ ಹೊಲವೊಂದರಲ್ಲಿ ಅರ್ಧ ಮಸಿ ಹಚ್ಚಿದ ನನ್ನ ಕಾಗದ ಎದ್ದು ಹಾರಿ ಲಿಂಬಿ ಗಿಡದ ಮುಳ್ಳಿಗೆ ಸಿಕ್ಕಿಕೊಂಡಿತು. ಹೊಲದ ಹೆಣ್ಣುಮಗಳು ಕಳೆ ತೆಗೆಯುವುದನ್ನು ನಿಲ್ಲಿಸಿ ನೋಡಿ, "ನೀವು ಓದೂದು ತಡಾ ಆತಂತ ನಮ್ಮ ಗಿಡಾನ ಓದಾಕತ್ತೈತಿ ನೋಡ್ರಿ" ಎಂದಳು.

ಅದಕ್ಕಿಂತ ದೊಡ್ಡ ಎಡವಟ್ಟು ಬಾಗೇವಾಡಿ ತಾಲೂಕಿನಲ್ಲಿ ಆಯಿತು. ಊರ ಹೊರಗಿನ ಬಾವಿಯ ಬಳಿ ಒಂದು ಬಂಡೆಯ ಮೇಲೆ ಸಾಲುಸಾಲು ಗೆರೆಗಳಿದ್ದವು. ಅತಿ ಹಳೆಯ ಲಿಪಿ ಇರಬೇಕೆಂದು ನನ್ನ ಎದೆ ಹೊಡೆದುಕೊಂಡಿತು. ಎರಡು ಹಗಲು ಕೂತು ಅಚ್ಚು ತೆಗೆದು, ಅದಕ್ಕೊಂದು ಟಿಪ್ಪಣಿ ಬರೆದು, ವಿಜಾಪುರಕ್ಕೆ ಹೋಗಿ ನಮ್ಮ ಮೇಲಧಿಕಾರಿ ದೇಶಪಾಂಡೆ ಸಾಹೇಬರ ಮೇಜಿನ ಮೇಲೆ ಹರಡಿದೆ. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಮಾತಾಡುವ ಮನುಷ್ಯ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ತಮ್ಮಾ, ನೀ ಎಂದಾರ ಕುಡಗೋಲು ಮಸದೀಯೇನು?"

"ಇಲ್ರಿ."

"ಅದಕ್ಕ ಹಿಂಗ ಆಗೇದ. ಇದು ಲಿಪಿ ಅಲ್ಲೋ, ಸುಗ್ಗಿ. ಬಾವಿ ಹತ್ರ ನೀರು ಸಿಗ್ತದ, ಮಂದಿ ಕೂತು ಕುಡಗೋಲು ಮಸದಾರ."

ಬೈಯಲಿಲ್ಲ. ಆ ಅಚ್ಚನ್ನು ಕಚೇರಿಯ ಗೋಡೆಗೆ ಅಂಟಿಸಿದರು. ನಾನು ಅಲ್ಲಿಗೆ ಹೋದಾಗಲೆಲ್ಲ ಅದರ ಕೆಳಗೇ ನನಗೆ ಕುರ್ಚಿ ಹಾಕಿಸುತ್ತಿದ್ದರು. ಅವರು ಕಲಿಸಿದ ವಿಧಾನ ಒಂದೇ. ಕಂಡದ್ದನ್ನು ಮೇಲೆ ಬರೆ, ಕೇಳಿದ್ದನ್ನು ಕೆಳಗೆ ಬರೆ, ನಡುವೆ ಗೆರೆ ಎಳೆ. "ಆ ಗೆರಿ ಅಳಿಸಿ ಹೋತಂದ್ರ ನೀ ಕತಿ ಬರೀಲಿಕ್ಕೆ ಹೋಗು, ನೌಕರಿ ಬಿಡು" ಎನ್ನುತ್ತಿದ್ದರು. ಇವತ್ತಿಗೂ ನಾನು ಆ ಗೆರೆ ಹುಡುಕುತ್ತಲೇ ಇದ್ದೇನೆ.

ಇನ್ನು ಹೇಳಬೇಕಾದ ಪ್ರಕರಣ.

ಒಂದು ಬೇಸಿಗೆಯ ಬೆಳಿಗ್ಗೆ ಮುದ್ದೇಬಿಹಾಳದಿಂದ ಸಿಂದಗಿಯ ಕಡೆ ಹೋಗುವ ಬಸ್ಸಿನಲ್ಲಿ ನಾನು ಕಿಟಕಿಗೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವನ ಮುಖ ನೋಡಿ ಬೆಚ್ಚಿದೆ. ಕೆನ್ನೆ ಕೆಂಪು, ಹಣೆ ಹಳದಿ, ಹುಬ್ಬು ಕಿವಿಯವರೆಗೆ ಕಾಡಿಗೆ. ಮೈಮೇಲೆ ಸಾದಾ ಅಂಗಿ ಧೋತರ, ಕಾಲ ಬಳಿ ಬಟ್ಟೆಯ ಗಂಟು. ಬಸ್ಸಿನಲ್ಲಿ ಬೇರೆ ಯಾರಿಗೂ ಆಶ್ಚರ್ಯವಿರಲಿಲ್ಲ.

ಕಂಡಕ್ಟರ್ ತಿಕೀಟು ಹರಿಯುತ್ತ, "ಏನಪಾ ಅಣ್ಣಾ, ಈ ವರ್ಷಾನೂ ಬಿಟ್ಟ ಬಂದೇನು?" ಎಂದ.

"ಬಿಟ್ಟ ಬಂದೆ" ಎಂದ ಆತ, ಬೇಸರದಿಂದ.

"ಮುಂದಿನ ವರ್ಷಾರ ಕರಕೊಂಡ ಬಾ. ತಿಕೀಟು ನಾ ಕೊಡ್ತೇನಿ."

ಆತನ ಹೆಸರು ಗುರುಪಾದಪ್ಪ. ಸಿಂದಗಿ ತಾಲೂಕಿನ ಒಂದು ಊರಿನ ಒಕ್ಕಲಿಗ, ದೊಡ್ಡಾಟದಲ್ಲಿ ರಾಜನ ಪಾತ್ರ ಹಾಕುವ ದನಿ. ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ಆಟ ಮುಗಿಸಿ ಬರುತ್ತಿದ್ದ. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅದು ಈಗ ಆ ಜಾಗದಲ್ಲಿ ಇಲ್ಲ, ಜನ ಇದ್ದಾರೆ.

ಆ ಊರಿನ ಎದುರು ಕೃಷ್ಣೆಯ ನಡುವೆ ಒಂದು ನಡುಗಡ್ಡೆ ಇತ್ತು. ಹೆಸರು ತಂಗೆವ್ವನ ಗಡ್ಡಿ. ಅದರ ಕತೆಯನ್ನೇ ಊರವರು ಪ್ರತಿ ವರ್ಷ ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ರಂಗಕ್ಕೆ ಅಟ್ಟ ಕಟ್ಟಿ ರಾತ್ರಿಯಿಡೀ ಆಡುತ್ತಿದ್ದರು. ಒಬ್ಬ ನಾಯಕ, ಅವನಿಗೊಬ್ಬಳೇ ತಂಗಿ. ಪಂಚಮಿಗೆ ತಂಗಿಯನ್ನು ಕರೆತರಲು ಆಚೆ ದಂಡೆಗೆ ಹೋಗುತ್ತಾನೆ. ಆದರೆ ಹೆಂಡತಿ ಅವನ ಕಿವಿ ತುಂಬಿದ್ದಾಳೆ. ಬರುವ ದಾರಿಯಲ್ಲಿ ತಂಗಿಯನ್ನು ಗಡ್ಡೆಯ ಮೇಲೆ ಇಳಿಸಿ, ಉಡಿ ತುಂಬಲು ಹೂ ತರುತ್ತೇನೆಂದು ಹೇಳಿ ಹರಗೋಲು ತಿರುಗಿಸುತ್ತಾನೆ. ಮನೆ ಮುಟ್ಟಿದ ಮೇಲೆ ಕರುಳು ಸುಡುತ್ತದೆ, ಓಡಿ ಬರುತ್ತಾನೆ. ಅಷ್ಟರಲ್ಲಿ ಹೊಳೆ ಏರಿದೆ, ಗಡ್ಡೆ ಇಲ್ಲ.

ಅಣ್ಣನ ಪಾತ್ರವನ್ನು ಆ ಊರಿನವರು ಯಾರೂ ಹಾಕುತ್ತಿರಲಿಲ್ಲ. ಬೇರೆ ಊರಿನವನೇ ಬೇಕು, ಮತ್ತು ಒಮ್ಮೆ ಹಾಕಿದವನು ದನಿ ಇರುವವರೆಗೆ ಬಿಡುವಂತಿಲ್ಲ. ಅಣ್ಣ ಹರಗೋಲು ತಿರುಗಿಸುವ ಹೊತ್ತಿಗೆ ಹೆಂಗಸರು ಅವನಿಗೆ ಉಸುಕು ತೂರುತ್ತಾರೆ. ಆಟ ಮುಗಿದ ಮೇಲೆ ಅವನಿಗೆ ಆ ಊರಿನ ನೀರಿಲ್ಲ. ಕುಡಿಯಲೂ ಇಲ್ಲ, ಮುಖ ತೊಳೆಯಲೂ ಇಲ್ಲ. ಬಣ್ಣ ಹೊತ್ತುಕೊಂಡೇ ಸೀಮೆ ದಾಟಬೇಕು. ಬಸ್ಸಿನಲ್ಲಿ ನಾನು ಕಂಡದ್ದು ಇದನ್ನು.

ಅದೇ ಊರಿಗೆ ಗುರುಪಾದಪ್ಪನ ತಂಗಿ ಶಾಂತವ್ವನನ್ನು ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದ ಮೊದಲ ವರ್ಷ ಅವಳನ್ನು ನೋಡಲು ಹೋದಾಗ, ಅಣ್ಣನ ಪಾತ್ರದವನು ಕಾಯಿಲೆ ಬಿದ್ದಿದ್ದ. ಬೀಗರು ಕೇಳಿದರು. ಇಲ್ಲ ಎನ್ನಲಾಗದೆ ಬಣ್ಣ ಹಚ್ಚಿಕೊಂಡ. ಆ ಶ್ರಾವಣದಲ್ಲಿ ತಂಗಿಯನ್ನು ಪಂಚಮಿಗೆ ಕರೆಯಲು ಹೋದರೆ, ಅವಳ ಅತ್ತೆ ನೀಲವ್ವ ಹೊಸ್ತಿಲಲ್ಲಿ ನಿಂತು ಕೈ ಅಡ್ಡ ಹಿಡಿದಳು. ಗಡ್ಡೆಯಲ್ಲಿ ಬಿಟ್ಟು ಬಂದವನ ಕೂಡ ನನ್ನ ಸೊಸೆಯನ್ನು ಕಳಿಸುವುದಿಲ್ಲ ಎಂದಳು. ಆಮೇಲೆ ಪ್ರತಿ ವರ್ಷವೂ ಅದೇ. ಬೇರೆ ಹೊತ್ತಿನಲ್ಲಿ ಗಂಡನ ಕೂಡ ಶಾಂತವ್ವ ತವರಿಗೆ ಹೋಗಿ ಬರುತ್ತಿದ್ದಳು. ಪಂಚಮಿಗೆ ಮಾತ್ರ ಇಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಅಣ್ಣ ತಮ್ಮಂದಿರೇ ಹೋಗಿ ಕರೆಯಬೇಕು. ಗಂಡ ತಂದು ಬಿಟ್ಟರೆ ಅದು ಪಂಚಮಿಯಲ್ಲ.

"ನಮ್ಮವ್ವಗ ವಯಸ್ಸಾತ್ರಿ" ಎಂದ ಗುರುಪಾದಪ್ಪ. "ಎಲ್ಲಾರ ಮನ್ಯಾಗ ಮಗಳು ಬಂದು ಜೋಕಾಲಿ ಆಡತಾಳ. ನಮ್ಮವ್ವ ಬಾಗಲದಾಗ ಕುಂತ ನನ್ನ ಮಾರಿ ನೋಡತಾಳ. ನಾ ಏನ್ ಮಾಡೇನ್ರಿ?"

ನನ್ನ ಕೆಲಸ ಏನೆಂದು ತಿಳಿದ ಮೇಲೆ ಆತ ನನ್ನ ಕಡೆಗೆ ಪೂರ್ತಿ ತಿರುಗಿದ. ಬಣ್ಣದ ಮುಖ ಅಷ್ಟು ಹತ್ತಿರ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. "ಆ ಗಡ್ಡಿಯೊಳಗ ಒಂದು ಕಲ್ಲೈತ್ರಿ ಸಾಹೇಬ್ರ. ಅಕ್ಷರ ಅದಾವ. ತಂಗೆವ್ವನ ಕಲ್ಲಂತಾರ, ಓದಿದಾವ್ರು ಯಾರೂ ಇಲ್ಲ. ಅದನ್ನ ಓದಿ ಹೇಳ್ರಿ. ಅಣ್ಣ ಬಿಟ್ಟು ಬಂದದ್ದು ಸುಳ್ಳಂತ ಅದರಾಗ ಇದ್ರ ನಮ್ಮ ಶಾಂತೀನ ಕಳಸ್ತಾರ."

"ಖರೇ ಅಂತ ಇದ್ರ?" ಎಂದೆ.

ಕಾಲ ಬಳಿಯ ಗಂಟನ್ನು ಹತ್ತಿರ ಎಳೆದುಕೊಂಡು, "ಇದ್ರನೂ ಹೇಳ್ರಿ. ಒಂದು ತೀರ್ಮಾನ ಆಗ್ಲಿ" ಎಂದ.

ಆ ಉತ್ತರದಿಂದಲೇ ನಾನು ಆ ಕಲ್ಲನ್ನು ಓದಿಯೇ ತೀರಬೇಕೆಂದು ನಿರ್ಧರಿಸಿದೆ.

ಕೆಲವೇ ದಿನಗಳಲ್ಲಿ ಆ ಊರಿಗೆ ಹೋದೆ. ಇಳಿದುಕೊಳ್ಳಲು ಸಿಕ್ಕದ್ದು ನೀಲವ್ವನ ಮನೆಯ ಪಡಸಾಲೆ. ಊರಿಗೆ ಯಾವ ನೌಕರ ಬಂದರೂ ಅಲ್ಲೇ ಊಟ. ದೊಡ್ಡ ದನಿಯ, ದೊಡ್ಡ ಕೈಯ ವಿಧವೆ. ನನ್ನನ್ನು ಕೇಳದೆ ರೊಟ್ಟಿ ಹಾಕುತ್ತಿದ್ದಳು. ಮಗ ಮಲ್ಲಪ್ಪ ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಸರಿ ಎನ್ನುವವನು. ಶಾಂತವ್ವ ತೆಳ್ಳಗೆ, ಗಟ್ಟಿ ಹೆಜ್ಜೆಯವಳು, ಮಾತು ಕಡಿಮೆ.

ಗಡ್ಡೆಗೆ ಮೊಣಕಾಲು ನೀರಿನಲ್ಲಿ ನಡೆದೇ ಹೋದೆ. ಒಂದಿಷ್ಟು ಜಾಲಿ, ಸೌತೆಯ ಬಳ್ಳಿ, ನಡುವೆ ಅರ್ಧ ಹೂತ ಕಲ್ಲು. ಅರಿಷಿಣ ಕುಂಕುಮ ಎಣ್ಣೆ ಹತ್ತಿ ಹತ್ತಿ ಹಲಗೆಯಂತಾಗಿತ್ತು. ಊರವರ ಒಪ್ಪಿಗೆ ಪಡೆದು ತೊಳೆಯಲು ಒಂದು ಹಗಲು ಹಿಡಿಯಿತು. ಮೇಲಿನ ಭಾಗ ಒಡೆದುಹೋಗಿದೆ. ಕೆಳಗಿನ ಸಾಲುಗಳು ಹಳಗನ್ನಡ, ಅಕ್ಷರ ದುಂಡಗೆ, ಓದಬಹುದಾಗಿತ್ತು. ಬಾಗೇವಾಡಿಯ ಕುಡಗೋಲು ನೆನಪಾಗಿ ಮೂರು ಸಲ ಅಚ್ಚು ತೆಗೆದೆ. ಮೂರರಲ್ಲೂ ಒಂದೇ ಓದು. ಇಲ್ಲಿ ಹೊಳೆ ದಾಟಿಸುವ ಅಂಬಿಗನಿಗೆ, ಹರಗೋಲು ಸದಾ ಸಜ್ಜಾಗಿಡಲೆಂದು, ದಂಡೆಯ ಮೇಲೆ ಹೊಲ ಬಿಟ್ಟಿದೆ. ಈ ದಾನ ಕೆಡಿಸಿದವನು ನರಕಕ್ಕೆ ಹೋಗುತ್ತಾನೆ. ಅಷ್ಟೇ. ಅಣ್ಣನೂ ಇಲ್ಲ, ತಂಗಿಯೂ ಇಲ್ಲ.

ನನಗೆ ಗೆದ್ದಂತೆ ಆಯಿತು. ಏಕೆಂದರೆ ಅದಕ್ಕೆ ಮೊದಲು ಇಂಡಿ ತಾಲೂಕಿನ ಭೀಮಾ ದಂಡೆಯಲ್ಲಿ ಇಂಥದೇ ಕತೆ ಕೇಳಿದ್ದೆ. ಅಲ್ಲಿ ಅಣ್ಣ ತಂಗಿಯ ಬದಲು ಮಾವ ಸೊಸೆ. ಅಂಬಿಗರ ಮನೆಗಳಲ್ಲಿ ಕೇಳಿದರೆ ಗಡ್ಡೆಯಲ್ಲಿ ಮನುಷ್ಯರೇ ಇಲ್ಲ, ಹೊಳೆಯವ್ವ ತಲೆ ಒಣಗಿಸಲು ಕೂರುವ ಜಾಗ. ಹೊಳೆಯ ನಡುವೆ ತುಂಡು ನೆಲ ಕಂಡರೆ ಸಾಕು, ಜನ ಅಲ್ಲಿ ಒಬ್ಬಳನ್ನು ಇಳಿಸಿ ಬರುತ್ತಾರೆ. ಎರಡೂ ದಂಡೆ ಕಾಣುತ್ತವೆ, ಯಾವುದಕ್ಕೂ ಹೋಗಲಾಗದು. ದುಃಖದ ಆಟಕ್ಕೆ ಅದಕ್ಕಿಂತ ಒಳ್ಳೆಯ ಅಟ್ಟ ಯಾವುದಿದೆ? ತವರು ಒಂದು ದಂಡೆ, ಗಂಡನ ಮನೆ ಇನ್ನೊಂದು. ನಡುವೆ ನಿಂತವಳ ಕತೆಯನ್ನು ಕಟ್ಟಿದವರು ಯಾರೋ, ನಂಬಿದವರು ಎಲ್ಲರೂ. ಕಲ್ಲು ಮಾತ್ರ ದಾಟಿಸುವವನ ಬಗ್ಗೆ ಹೇಳುತ್ತಿತ್ತು.

ದೇಶಪಾಂಡೆ ಸಾಹೇಬರಿಗೆ ಅಚ್ಚು ತೋರಿಸಿದೆ. "ಶಹಾಬಾಸ್" ಎಂದರು. ಆಮೇಲೆ ಗುರುಪಾದಪ್ಪನ ವಿಷಯ ಹೇಳಿದೆ. ಅವರು ಕನ್ನಡಕ ಒರೆಸಿದರು.

"ಇದು ಕಲ್ಲಿಂದು, ನಮ್ಮದು. ಅದು ಮನಿತನದ್ದು, ನಮ್ಮದಲ್ಲ. ನೀ ನಡುವ ಹೋಗಬ್ಯಾಡ."

"ನಾ ಓದಿದ್ದು ಅವರಿಗೆ ಹೇಳದಿದ್ರ ಯಾರಿಗೆ ಓದಿದ್ರಿ ಸಾಹೇಬ್ರ?"

"ಹೇಳು. ಹೇಳಿ ಬಂದ ಮ್ಯಾಲೆ ಏನಾತು ನನಗ ಹೇಳು. ನನಗೂ ನಗಲಿಕ್ಕೆ ಏನರ ಬೇಕು."

ಊರ ಕಟ್ಟೆಯಲ್ಲಿ ಮಧ್ಯಾಹ್ನ ಜನ ಸೇರಿಸಿ ಓದಿ ಹೇಳಿದೆ. ನಾನು ತಯಾರಾಗಿ ಹೋಗಿದ್ದೆ. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಒಬ್ಬ ಹಿರಿಯ, "ನರಕಕ್ಕ ಹೋಗ್ತಾನಂತ ಅದರಾಗ ಐತೋ ಇಲ್ಲೋ?" ಎಂದ.

"ಐತ್ರಿ. ಅದು ಎಲ್ಲಾ ಕಲ್ಲಿನ್ಯಾಗೂ ಇರತೈತಿ."

"ಶಾಪಾ ಐತಂದ್ರ ಪಾಪಾ ಆಗಿರಬೇಕಲ್ರಿ."

ಜನ ತಲೆ ಆಡಿಸಿದರು. ನಾನು ಬೆವರು ಒರೆಸಿಕೊಂಡು ನೀಲವ್ವನ ಕಡೆ ತಿರುಗಿದೆ. ಅವಳು ಹೆಂಗಸರ ನಡುವೆ ಕಂಬಕ್ಕೆ ಆತು ಕೂತಿದ್ದಳು.

"ಕಲ್ಲು ಏನರ ಹೇಳ್ಲಿ ತಮ್ಮಾ, ನಾ ಕಣ್ಣಾರೆ ನೋಡೇನಿ" ಎಂದಳು.

"ಏನ್ ನೋಡೀರಿ?"

"ಅಂವ ಬಿಟ್ಟು ಬಂದದ್ದು. ಒಂದ್ ಸಲ ಅಲ್ಲ, ವರ್ಷಾ ನೋಡ್ತೇನಿ."

"ಅದು ಆಟಾ ಅಲ್ಲೇನ್ರಿ ಯವ್ವಾ?"

"ಆಟಾದಾಗ ಬಿಡಾಕ ಮನಸು ಬರತೈತೆಲ್ಲ? ನನ್ನ ಮಗಗ ಬರಂಗಿಲ್ಲ. ಈ ಊರಾಗ ಯಾರಿಗೂ ಬರಂಗಿಲ್ಲ. ಅಂವಗ ಹ್ಯಾಂಗ ಬಂತು?"

ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಯಾವ ವಾದವೂ ಇದಕ್ಕೆ ಹೊಂದುತ್ತಿರಲಿಲ್ಲ. ಆದರೂ ಬಿಡಲಿಲ್ಲ. "ಸಿಂದಗಿಗೆ ಹೋಗಾಕ ಕೃಷ್ಣಾ ದಾಟೂದ ಇಲ್ಲಲ್ರಿ. ಬಸ್ಸಿನಾಗ ಹೋಗ್ತಾರ" ಎಂದೆ.

"ನಡುವ ಡೋಣಿ ಹೊಳಿ ಇಲ್ಲೇನು?"

"ಡೋಣಿ ದಾಟಾಕ ಪೂಲ್ ಐತಿ."

"ಪೂಲಿನ ಮ್ಯಾಲೆ ಬಸ್ ನಿಂತ್ರ? ಇಳಿ, ಹೂ ತರ್ತೇನಿ ಅಂದ್ರ?"

ಕಟ್ಟೆ ನಕ್ಕಿತು. ಮಲ್ಲಪ್ಪನೂ ನಕ್ಕ, ತಾಯಿ ನೋಡಿದ ಕೂಡಲೇ ನಿಲ್ಲಿಸಿದ. ನಾನು ಸೋತಿದ್ದೆ. ವಿಜಾಪುರಕ್ಕೆ ಹೋಗಿ ಹೇಳಿದಾಗ ದೇಶಪಾಂಡೆ ಸಾಹೇಬರು ನಗಲಿಲ್ಲ. "ಆ ಮುದುಕಿ ಕೇಳಿದ್ದು ಸಣ್ಣ ಪ್ರಶ್ನಿ ಅಲ್ಲೋ" ಎಂದು ಕಿಟಕಿಯ ಹೊರಗೆ ನೋಡಿದರು.

ಕಟ್ಟೆಯ ಮಾತು ಮುಗಿದ ದಿನ ನಾನು ಊರು ಬಿಡುವ ಮುನ್ನ ಶಾಂತವ್ವ ಬಚ್ಚಲ ಬಳಿ ನನಗೆ ಕೈಗೆ ನೀರು ಹಾಕುವಾಗ ಮಾತಾಡಿದಳು. ಕಟ್ಟಳೆ ಮುರಿದಾದರೂ ಪಾತ್ರ ಬಿಟ್ಟುಬಿಡುತ್ತೇನೆಂದು ಗುರುಪಾದಪ್ಪ ಬಸ್ಸಿನಲ್ಲಿ ಅಂದಿದ್ದನ್ನು ನಾನು ಅವಳಿಗೆ ಹೇಳಿದ್ದೆ.

"ಬಿಡಬ್ಯಾಡಂತ ಹೇಳ್ರಿ ನಮ್ಮಣ್ಣಗ" ಎಂದಳು. "ಈಗ ಬಿಟ್ಟ್ರ ತಪ್ಪ ಮಾಡಿದಾಂವ ಓಡಿ ಹೋದಂಗ ಆಗ್ತೈತಿ. ಅಂವ ಪಾತ್ರ ಹಾಕ್ಲಿ. ನಾನೂ ಹೋಗ್ತೇನಿ, ಅಂವನ ಕೂಡನ ಹೋಗ್ತೇನಿ, ಪಂಚಮಿಗೇ ಹೋಗ್ತೇನಿ. ನಮ್ಮ ಅತ್ತಿ ತಾನಾಗೇ ನನ್ನ ಕಳಸ್ಬೇಕು. ಕದ್ದ ಹೋಗಾಕ ನಾ ಏನು ಮಾಡೇನಿ?"

ಇದು ನಾನೇ ಎದುರು ನಿಂತು ಕೇಳಿದ್ದು, ಗೆರೆಯ ಮೇಲಿನ ಭಾಗದಲ್ಲೇ ಬರೆಯಬಲ್ಲೆ. ಮಾತು ಹೆಚ್ಚುಕಡಿಮೆ ಇದೇ.

ಮರುವರ್ಷ ನಮ್ಮ ಕಚೇರಿಗೆ ಟೇಪ್ ರೆಕಾರ್ಡರ್ ಬಂತು. ಟೇಪು ಸುತ್ತುವ ಎರಡು ಗಾಲಿಯ, ಟ್ರಂಕಿನಷ್ಟು ಭಾರದ ಯಂತ್ರ. ಬರೆದುಕೊಳ್ಳುವ ಕೆಲಸ ಇನ್ನು ಮುಗಿಯಿತೆಂದು ನಾವೆಲ್ಲ ತಿಳಿದೆವು. ಹೊಸ ಸಾಧನ ಬಂದಾಗಲೆಲ್ಲ ನೀವೂ ಹಾಗೇ ತಿಳಿಯುತ್ತೀರಿ. ದೇಶಪಾಂಡೆ ಸಾಹೇಬರು ಮೊದಲು ಹಿಡಿಯಬೇಕಾದದ್ದು ಆ ದೊಡ್ಡಾಟವೇ ಎಂದರು. ಊರು ಸ್ಥಳಾಂತರವಾಗುವುದು ಖಚಿತವಾಗಿತ್ತು. ಇನ್ನೊಮ್ಮೆ ಆ ಉಸುಕಿನಲ್ಲಿ ಆಟ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಆಟದ ಕೊನೆಯ ಭಾಗ ಬೆಳಕು ಹರಿಯುವ ಹೊತ್ತಿಗೆ ಬರುವಂತೆ ಹೊಂದಿಸಿರುತ್ತಾರೆ. ಹಿಂದೆ ಹೊಳೆ, ಅದರ ನಡುವೆ ನಿಜವಾದ ಗಡ್ಡೆ ಮಂಜಿನಿಂದ ಏಳಬೇಕು. ಅಟ್ಟದ ಮೇಲೆ ಮಡಿಚಿದ ಬಿಳಿ ಧೋತರವೇ ಗಡ್ಡೆ. ತಂಗಿಯ ವೇಷದ ಗಂಡಸು ಅದರ ಮೇಲೆ ನಿಂತಿದ್ದಾನೆ. ಇಬ್ಬರು ನೀಲಿ ಸೀರೆಯ ಎರಡು ತುದಿ ಹಿಡಿದು ಅಲೆಯಾಡಿಸುತ್ತ ಮೆಲ್ಲಗೆ ಮೇಲಕ್ಕೆತ್ತುತ್ತಾರೆ. ಮೊಣಕಾಲು, ಸೊಂಟ, ಎದೆ. ಅವಳು ದಂಡೆಯ ಕಡೆ ನೋಡಿ ಹಾಡುತ್ತಲೇ ಇರುತ್ತಾಳೆ. ಅಣ್ಣ ಬರುತ್ತಾನೆ, ದಾರಿಯಲ್ಲಿದ್ದಾನೆ ಎಂದು. ಸೀರೆ ತಲೆಯ ಮೇಲೆ ಹೋದ ಮೇಲೆ ಹಾಡು ನಿಲ್ಲುತ್ತದೆ. ನಾನು ಇದೆಲ್ಲ ಸುಳ್ಳೆಂದು ಕಲ್ಲಿನ ಮೇಲೆ ಓದಿ ಬಂದವನು. ಆದರೂ ತಿರುಗಿ ದಂಡೆಯ ಕಡೆ ಅಣ್ಣನನ್ನು ಹುಡುಕಿದೆ.

ಆಮೇಲೆ ಅಣ್ಣ ಓಡಿ ಬಂದು ಕೂಗುತ್ತಾನೆ. ಉತ್ತರವಿಲ್ಲ. ಅವನ ಪಾಲಿಗೆ ಬರುವುದು ಹೆಂಗಸರ ಉಸುಕು. ಹರಗೋಲು ತಿರುಗಿಸಿದಾಗ ಒಮ್ಮೆ, ಈಗ ಇನ್ನೊಮ್ಮೆ.

ಇಲ್ಲಿಯೇ ನನ್ನ ತೊಡಕು. ಇದೇ ಹೊತ್ತಿಗೆ ಯಂತ್ರದ ಟೇಪು ಮುಗಿಯಿತು. ನಾನು ಬಗ್ಗಿ ಹೊಸದನ್ನು ಹಾಕುತ್ತಿದ್ದೆ. ಅರೆಬೆಳಕಿನಲ್ಲಿ ತುದಿ ಸಿಕ್ಕುತ್ತಿರಲಿಲ್ಲ. ಹಾಗಾದರೆ ಶಾಂತವ್ವ ಹೆಂಗಸರ ಸಾಲಿನಿಂದ ಎದ್ದು ತಂಬಿಗೆ ಹಿಡಿದು ನಡೆದದ್ದನ್ನು ನಾನು ನೋಡಿದ್ದು ಹೇಗೆ? ಆದರೂ ಕಾಣುತ್ತದೆ. ಉಸುಕು ತೂರಲು ಎತ್ತಿದ ಕೈಗಳು ಹಾಗೇ ನಿಲ್ಲುತ್ತವೆ. ಅವಳು ಅಣ್ಣನ ಮುಂದೆ ನಿಂತು, "ಕುಡಿ ಅಣ್ಣಾ. ನನ್ನ ಬಿಟ್ಟು ಹೋಗಾಂವ ನೀ ಅಲ್ಲ" ಎನ್ನುತ್ತಾಳೆ. ಈ ಮಾತಿನ ಮೇಲೆ ನನಗೆ ಹೆಚ್ಚು ಅನುಮಾನ. ಇದು ಅಟ್ಟದ ಮೇಲಿನ ಮಾತಿನಂತಿದೆ. ಶಾಂತವ್ವ ಹಾಗೆ ಮಾತಾಡುವವಳಲ್ಲ.

ಹೊಸ ಟೇಪು ತಿರುಗತೊಡಗಿದಾಗ ಮೊದಲು ದಾಖಲಾದದ್ದು ಹಿಮ್ಮೇಳದ ತಾಳ, ಯಾರೋ ಅಳುವುದು, ಅದರ ಮೇಲೆ ನೀಲವ್ವನ ದೊಡ್ಡ ದನಿ: "ತಂಬಿಗಿ ಅಲ್ಲೇ ಬಿಟ್ಟು ಬರಬ್ಯಾಡ, ಹೊಸಾದೈತಿ."

ಆದ್ದರಿಂದ ತಂಬಿಗೆ ಇತ್ತು. ಅಷ್ಟಕ್ಕೆ ಪುರಾವೆ ಇದೆ.

ಗುರುಪಾದಪ್ಪ ಆ ಬೆಳಿಗ್ಗೆ ಹೊಳೆಯಲ್ಲೇ ಮುಖ ತೊಳೆದ. ಊರ ಹಿರಿಯರು ಗುಂಪಾಗಿ ನಿಂತು ನೋಡಿದರು, ಯಾರೂ ತಡೆಯಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಜನ ಯಂತ್ರದಿಂದ ಆಟ ಕೇಳಿಸಿ ಎಂದರು. ತಂಗಿಯ ಹಾಡು ಬಂದಾಗ ಮತ್ತೆ ಕಣ್ಣು ಒರೆಸಿಕೊಂಡರು. ಟೇಪು ಬದಲಿಸಿದೆ. ತಾಳ, ಅಳು, ಆಮೇಲೆ ತಂಬಿಗೆಯ ಮಾತು.

ನೀಲವ್ವ ತನ್ನ ದನಿ ಮೊದಲ ಸಲ ಕೇಳಿದ್ದು. "ಯಾರದು?" ಎಂದಳು.

"ನಿಮ್ದ ದನಿ ಅಲ್ಲೇನ್ರಿ ಅತ್ತಿ" ಎಂದಳು ಶಾಂತವ್ವ.

ಪಡಸಾಲೆ ನಗೆಯಿಂದ ತುಂಬಿತು. ನೀಲವ್ವ ಇನ್ನೊಮ್ಮೆ ಕೇಳಿಸಲು ಹೇಳಿದಳು. ಕೇಳಿಸಿದೆ. ಅವಳೂ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. "ಮುಳುಗಾಕತ್ತಾಳ ಅಕಿ, ನನಗ ತಂಬಿಗಿ ಚಿಂತಿ ನೋಡು" ಎಂದಳು. ಗುರುಪಾದಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. ನೀಲವ್ವ ಅವನಿಗೆ ಕೇಳುವಂತೆ, "ಊಟಕ್ಕ ಏಳಂತ ಹೇಳ್ರಿ ಅಂವಗ. ಉಪಾಸ ಕುಂತ್ರ ನನಗ ಕೆಟ್ಟ ಹೆಸರ" ಎಂದಳು. ಆತ ಎದ್ದು ಬಂದು ಕೈ ತೊಳೆದ. ನೀಲವ್ವ ಅನ್ನ ನೀಡುತ್ತ, ಮುಖ ನೋಡದೆ, "ಉಣ್ಣಾಕ ಹಾಕೇನಿ ಅಂದ್ರ ಕಳಸ್ತೇನಿ ಅಂತ ತಿಳೀಬ್ಯಾಡ. ಅದು ಬ್ಯಾರೆ ಮಾತು" ಎಂದಳು.

"ಶ್ರಾವಣಕ್ಕ ಬರ್ತೇನ್ರಿ ಅತ್ತಿ" ಎಂದ ಗುರುಪಾದಪ್ಪ.

"ಬಾ. ಬರಾಕ ಯಾರ್ ಬ್ಯಾಡಂದಾರ? ವರ್ಷಾ ಬರ್ತಿ, ವರ್ಷಾ ಹೋಗ್ತಿ."

"ಈ ಸಲ ಕರಕೊಂಡ ಹೋಗ್ತೇನ್ರಿ."

ನೀಲವ್ವ ಅವನ ತಾಟಿಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಶಾಂತವ್ವ ಒಲೆಯ ಬಳಿಯಿಂದ ಅತ್ತೆಯನ್ನೇ ನೋಡುತ್ತಿದ್ದಳು, ಕಣ್ಣು ಕೆಳಗಿಳಿಸದೆ.

ಆ ಶ್ರಾವಣದಲ್ಲಿ ನಾನು ಅಲ್ಲಿರಲಿಲ್ಲ. ಭೀಮಾ ದಂಡೆಯ ಕೆಲಸಕ್ಕೆ ನನ್ನನ್ನು ಇಂಡಿಗೆ ಕಳಿಸಿದರು. ಆಮೇಲೆ ಬೇರೆ ಜಿಲ್ಲೆ, ಬೇರೆ ಕಲ್ಲು. ಊರು ಮೇಲಿನ ನೆಲಕ್ಕೆ ಹೋಯಿತು. ಹಳೆಯ ಟೇಪಿನ ಲೇಪ ಕಾಲಕ್ರಮದಲ್ಲಿ ಉದುರಿ, ಈಗ ಅದರಲ್ಲಿ ಗಾಳಿ ಬೀಸಿದಂಥ ಸದ್ದು ಮಾತ್ರ ಇದೆ. ಪಂಚಮಿಗೆ ಏನಾಯಿತೆಂದು ಕೇಳಿದವರಿಗೆಲ್ಲ ನಾನು "ಕಳಿಸಿದರು" ಎಂದೇ ಹೇಳುತ್ತ ಬಂದೆ. ನನಗೆ ಗೊತ್ತಿರಲಿಲ್ಲ. 'ಕಳಿಸಿರಬೇಕು' ಎಂಬ ಆಸೆ ಎಲ್ಲಿ 'ಕಳಿಸಿದರು' ಎಂಬ ನೆನಪಾಯಿತೋ, ಆ ಜಾಗ ಹುಡುಕಿದರೆ ಸಿಗುವುದಿಲ್ಲ.

ನಿವೃತ್ತನಾದ ಮೇಲೆ ಇದನ್ನು ಹೀಗೇ ಬಿಡಬಾರದೆಂದು ಸಿಂದಗಿ ತಾಲೂಕಿನ ಆ ಊರಿಗೆ ಹೋದೆ. ಗುರುಪಾದಪ್ಪ ತೀರಿಕೊಂಡಿದ್ದ. ಅವನ ಹೆಂಡತಿ ಕಾಶೀಬಾಯಿ ಇದ್ದಳು. ಆಕೆಗೆ ನಾನು ಏನನ್ನೂ ಸೂಚಿಸಲಿಲ್ಲ. ಆಟವನ್ನು ಟೇಪಿನಲ್ಲಿ ಹಿಡಿದ ವರ್ಷದ ಪಂಚಮಿಗೆ ಮನೆಯಲ್ಲಿ ಯಾರು ಯಾರು ಇದ್ದರು ಎಂದಷ್ಟೇ ಕೇಳಿದೆ.

"ಶಾಂತಿ ಬಂದಿದ್ಲಲ್ರಿ" ಎಂದಳು. "ಆಕಿ ಅತ್ತೀನೂ ಬಂದಿದ್ಲು."

"ಅತ್ತಿ ಯಾಕ್ರಿ?"

"ಯಾಕ ಅಂತ ನಾವ್ ಕೇಳಾಕ ಆಗ್ತೈತೇನ್ರಿ ಬೀಗತಿಗೆ? ಬಸ್ಸಿನಾಗ ಅಣ್ಣ ತಂಗಿ ನಡುವ ಕುಂತ ಬಂದಿದ್ಲಂತ. ನಮ್ಮತ್ತಿ ಕೂಡ ಕುಂತು ಉಂಡಿ ಕಟ್ಟಿದ್ಲು. ಜೋಕಾಲಿ ಆಡ್ರಿ ಅಂದ್ರ ಒಲ್ಲೆ ಒಲ್ಲೆ ಅಂದ್ಲು, ಆಮ್ಯಾಲೆ ಇಳೀಲೇ ಇಲ್ಲ."

ಮನೆಯವರ ಮಾತು ಒಂದೇ ಸಾಲದು. ಬಸ್ ನಿಲ್ಲುವಲ್ಲಿ ಆಗಿನಿಂದಲೂ ಚಹಾದ ಅಂಗಡಿ ಇಟ್ಟಿರುವ ಮುದುಕನನ್ನು ಬೇರೆಯಾಗಿ ಕೇಳಿದೆ. ಕಾಶೀಬಾಯಿ ಹೇಳಿದ್ದನ್ನು ಅವನಿಗೆ ಹೇಳಲಿಲ್ಲ. ಆತನಿಗೂ ಆ ದಿನ ನೆನಪಿತ್ತು, ಯಾರ ಹಿಂದೆ ಯಾರು ಇಳಿದರೆಂಬುದೂ. ಅಷ್ಟು ವರ್ಷ ಒಬ್ಬನೇ ತಿರುಗಿ ಬರುತ್ತಿದ್ದ ಗುರುಪಾದಪ್ಪನಿಗೆ ಸಮಾಧಾನ ಹೇಳಿ ಚಹಾ ಕೊಡುತ್ತಿದ್ದವನು ಅವನೇ.

ಕಟ್ಟೆಯಲ್ಲಿ ನಾನು ಮಾಡಿದ ವಾದದಿಂದಲೋ, ತಂಬಿಗೆ ಹಿಡಿದ ಶಾಂತವ್ವನಿಂದಲೋ, ತನ್ನ ದನಿ ತಾನೇ ಕೇಳಿ ನಕ್ಕದ್ದರಿಂದಲೋ, ನೀಲವ್ವನ ಮನಸ್ಸು ಏಕೆ ತಿರುಗಿತೆಂದು ನಾನು ಹೇಳಲಾರೆ. ಪೂರ್ತಿ ತಿರುಗಿತ್ತೆಂದೂ ಹೇಳಲಾರೆ. ಖಚಿತವಾದದ್ದು ಇಷ್ಟು: ಆ ಪಂಚಮಿಯ ಹಿಂದಿನ ದಿನ ಮುದ್ದೇಬಿಹಾಳದ ಕಡೆಯಿಂದ ಬಂದ ಬಸ್ಸಿನಿಂದ ಆ ಊರಿನಲ್ಲಿ ಮೂವರು ಇಳಿದರು. ಮೊದಲು ಶಾಂತವ್ವ, ಅವಳ ಕೈ ಹಿಡಿದು ನೀಲವ್ವ, ಹಿಂದೆ ಇಬ್ಬರ ಗಂಟೂ ಹೊತ್ತುಕೊಂಡು ಗುರುಪಾದಪ್ಪ.